ಹದಿನೇಳು ವರ್ಷಕ್ಕೊಮ್ಮೆ ಬರುವ ನೆಂಟರು ಮತ್ತು ಎರಡು ವರ್ಷ ತಡವಾಗಿ ಬರುವ ಉಣುಗು



2021ರ ಮೇ ತಿಂಗಳ ಕೊನೆಯ ವಾರ. ಕೋವಿಡ್ ಕಾಲ, ಎಲ್ಲರಿಗೂ ಮನೆಯೇ ಆಫೀಸು. ನಾಲ್ಕು ವರ್ಷದ ಮಗಳನ್ನು ಮನೆಯೊಳಗೆ ಕೂಡಿಹಾಕಿ ಸಾಕಾಗಿತ್ತು. ಒಂದು ಶನಿವಾರ ಮಾನ್ಮತ್ ಜಂಕ್ಷನ್ನಿನ ನಮ್ಮ ಟೌನ್‌ಹೌಸಿನಿಂದ ಕಾರು ಹತ್ತಿ ಪಕ್ಕದ ಪ್ರಿನ್ಸ್‌ಟನ್ನಿಗೆ ಹೊರಟೆವು. ಊರು ಹತ್ತಿರವಾಗಿ ದೊಡ್ಡ ದೊಡ್ಡ ಮರಗಳು ಶುರುವಾಗುತ್ತಿದ್ದಂತೆ ಕಾರಿನ ಗಾಜು ಇಳಿಸಿದೆ ನೋಡಿ, ಎದೆ ಝಲ್ಲೆಂದಿತು! ನೂರು ಮನೆಗಳಲ್ಲಿ ಒಟ್ಟಿಗೇ ಮಿಕ್ಸಿ ಹಾಕಿದ ಹಾಗೆ ಸದ್ದು. ಕಾಲುದಾರಿಯ ಮೇಲೆ, ಬೇಲಿಯ ಮೇಲೆ, ಮರದ ಕಾಂಡದ ತುಂಬಾ ಕೆಂಪು ಕಣ್ಣಿನ ಕಪ್ಪು ಹುಳಗಳು. ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಳು.

ಸೊರಬ ತಾಲ್ಲೂಕಿನ ನಮ್ಮೂರಿಗೆ ಫೋನ್ ಮಾಡಿ ಅಮ್ಮನಿಗೆ ಆ ಸದ್ದು ಕೇಳಿಸಿದೆ. "ಇದೇನೇ ಇದು, ನಮ್ಮ ಜೀರುಂಡೆ ಅಲ್ಲಿಗೂ ಬಂತಾ?" ಎಂದು ನಕ್ಕರು. ಊರಲ್ಲಿ ಎರಡನೇ ಅಲೆಯ ಆತಂಕ. ನಾವು ಹೋಗುವ ಹಾಗಿಲ್ಲ, ಅವರು ಬರುವ ಹಾಗಿಲ್ಲ. ಆದರೂ ಮಲೆನಾಡಿನ ಸದ್ದು ಮಾತ್ರ ನ್ಯೂ ಜೆರ್ಸಿಗೆ ಬಂದಿತ್ತು!

ಅಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ. ಇವೂ ಜೀರುಂಡೆಗಳೇ. ಆದರೆ ನಮ್ಮ ಮಲೆನಾಡಿನವು ಮಳೆಗಾಲಕ್ಕೆ ಮುಂಚೆ ವರ್ಷವರ್ಷವೂ ಕೂಗುತ್ತವೆ. ಇವು ಕೂಗುವುದು ಹದಿನೇಳು ವರ್ಷಕ್ಕೊಮ್ಮೆ. ಅಂದು ಮನೆಗೆ ಬಂದ ಮೇಲೆ ಈ ಲೆಕ್ಕದ ಹಿಂದೆ ಬಿದ್ದವಳು ಇವತ್ತಿನವರೆಗೂ ಬಿಟ್ಟಿಲ್ಲ. ಓದಿ ತಿಳಿದದ್ದನ್ನು, ಮತ್ತು ಆ ಓದು ಮುಂದೆ ನಮ್ಮ ಮನೆಯಲ್ಲೇ ಉಪಯೋಗಕ್ಕೆ ಬಂದ ಸಂಗತಿಯನ್ನು ನಿಮ್ಮೊಡನೆ ಹಂಚಿಕೊಳ್ಳೋಣ ಅಂತ ಈ ಲೇಖನ.

ಯಾರು ಈ ನೆಂಟರು?

ಇವುಗಳ ಕುಲದ ಹೆಸರು ಮ್ಯಾಜಿಸಿಕಾಡ. ಒಟ್ಟು ಏಳು ಪ್ರಭೇದಗಳು. ಮೂರು ಪ್ರಭೇದಗಳಿಗೆ 17 ವರ್ಷದ ಜೀವನ, ನಾಲ್ಕಕ್ಕೆ 13 ವರ್ಷದ್ದು. ಎಲ್ಲವೂ ಅಮೆರಿಕದ ಪೂರ್ವಾರ್ಧದವು. ಒಂದೇ ವರ್ಷ ಹೊರಬರುವ ತಂಡಕ್ಕೆ 'ಬ್ರೂಡ್' ಎನ್ನುತ್ತಾರೆ. 1898ರಲ್ಲಿ ಚಾರ್ಲ್ಸ್ ಮಾರ್ಲಟ್ ಎಂಬ ಕೀಟಶಾಸ್ತ್ರಜ್ಞ ಈ ತಂಡಗಳಿಗೆ ರೋಮನ್ ಅಂಕಿಗಳಲ್ಲಿ ನಂಬರ್ ಕೊಟ್ಟ. ಪ್ರಿನ್ಸ್‌ಟನ್ನಿನದು ಹತ್ತನೆಯ ತಂಡ, ಅಂದರೆ ಬ್ರೂಡ್ ಟೆನ್. ಇದು ಬಂದ ವರ್ಷಗಳು 1970, 1987, 2004, 2021. ಸಂಘದ ಹಿರಿಯ ಸದಸ್ಯರಲ್ಲಿ ಕೆಲವರು ಇದನ್ನು ಎರಡು ಮೂರು ಬಾರಿ ಕಂಡಿರಬಹುದು. 1970ರ ಜೂನ್‌ನಲ್ಲಿ ಬಾಬ್ ಡಿಲನ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಗೌರವ ಡಾಕ್ಟರೇಟ್ ತೆಗೆದುಕೊಳ್ಳುವಾಗ ಈ ಹುಳಗಳ ಗದ್ದಲವೇ ಗದ್ದಲ. ಆತ ಅದರ ಮೇಲೆ ಒಂದು ಹಾಡನ್ನೇ ಬರೆದ. ಹಾಡಿನ ಹೆಸರಿನಲ್ಲಿ ಮಾತ್ರ ಇವನ್ನು ಮಿಡತೆ ಮಾಡಿಬಿಟ್ಟ! ಬೆಳೆ ತಿಂದು ಮುಗಿಸುವ ಮಿಡತೆಯೇ ಬೇರೆ, ಈ ಸಾಧು ಪ್ರಾಣಿಯೇ ಬೇರೆ. ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ, ತರಕಾರಿ ತೋಟಕ್ಕೂ ಬಾಯಿ ಹಾಕುವುದಿಲ್ಲ. ಎಳೆಯ ಗಿಡಗಳ ಸಣ್ಣ ಕೊಂಬೆಗಳನ್ನು ಸೀಳಿ ಮೊಟ್ಟೆ ಇಡುತ್ತದೆ, ಅಷ್ಟೇ ತೊಂದರೆ.

ಮೊಟ್ಟೆಯೊಡೆದ ಮರಿಗಳು ಅಕ್ಕಿಕಾಳಿನಷ್ಟೂ ಇರುವುದಿಲ್ಲ. ಕೆಳಗೆ ಬಿದ್ದು ಮಣ್ಣಿಗಿಳಿದು, ಮರದ ಬೇರಿನ ರಸ ಹೀರುತ್ತಾ ಹದಿನೇಳು ವರ್ಷ ಕತ್ತಲಲ್ಲಿ ಕಳೆಯುತ್ತವೆ. ಕೊನೆಯ ವಸಂತದಲ್ಲಿ, ಸುಮಾರು ಎಂಟು ಇಂಚು ಆಳದ ಮಣ್ಣು 64 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ, ಹೆಚ್ಚೂಕಡಿಮೆ ಎಲ್ಲವೂ ಕೆಲವೇ ರಾತ್ರಿಗಳಲ್ಲಿ ಹೊರಬರುತ್ತವೆ. ದಟ್ಟವಾಗಿರುವ ಕಡೆ ಎಕರೆಗೆ ಹದಿನೈದು ಲಕ್ಷದವರೆಗೂ ಲೆಕ್ಕ ಸಿಕ್ಕಿದೆ. ನಾಲ್ಕಾರು ವಾರ ಹಾಡು, ಮದುವೆ, ಮೊಟ್ಟೆ. ಆಮೇಲೆ ಎಲ್ಲ ಸ್ತಬ್ಧ.

ಕ್ಯಾಲೆಂಡರ್ ಇಲ್ಲದೆ ಲೆಕ್ಕ ಹೇಗೆ?

ಮಣ್ಣಿನೊಳಗೆ ಪಂಚಾಂಗ ಇಲ್ಲ, ಫೋನ್ ಇಲ್ಲ. ಹಾಗಾದರೆ 17 ಎಣಿಸುವುದು ಹೇಗೆ? ಕ್ಯಾಲಿಫೋರ್ನಿಯಾದ ರಿಚರ್ಡ್ ಕಾರ್ಬನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸೊಗಸಾಗಿದೆ. ಮರಿಗಳನ್ನು ಪೀಚ್ ಮರಗಳ ಬೇರಿಗೆ ಬಿಟ್ಟು, ಆ ಮರಗಳು ಒಂದೇ ವರ್ಷದಲ್ಲಿ ಎರಡು ಸಲ ಚಿಗುರಿ ಹೂಬಿಡುವಂತೆ ಮಾಡಿದರು. ಹುಳಗಳು ಒಂದು ವರ್ಷ ಮುಂಚೆಯೇ ಎದ್ದು ಬಂದವು! ಅಂದರೆ ಅವು ಎಣಿಸುವುದು ದಿನಗಳನ್ನಲ್ಲ, ಬೇರಿನ ರಸದಲ್ಲಿ ವಸಂತ ಎಷ್ಟು ಸಲ ಬಂದುಹೋಯಿತು ಎಂಬುದನ್ನು. ಎಣಿಕೆ ತಪ್ಪುವುದೂ ಉಂಟು. 2017ರಲ್ಲಿ ವಾಷಿಂಗ್ಟನ್ ಸುತ್ತಮುತ್ತ ಇದೇ ಬ್ರೂಡ್ ಟೆನ್‌ನ ಸಾಕಷ್ಟು ಹುಳಗಳು ನಾಲ್ಕು ವರ್ಷ ಮೊದಲೇ ಬಂದುಬಿಟ್ಟಿದ್ದವು.

ಎಲ್ಲರೂ ಒಟ್ಟಿಗೇ ಏಕೆ?

ಇಲ್ಲಿ ನನ್ನಂಥ ಸಾಫ್ಟ್‌ವೇರಿನವರಿಗೆ ಮಜಾ. ಒಂದು ಸರ್ವರಿಗೆ ದಿನಕ್ಕೆ ನೂರು ರಿಕ್ವೆಸ್ಟ್ ಬಂದರೆ ನೂರನ್ನೂ ಮುಗಿಸುತ್ತದೆ. ಅದೇ ಒಂದು ನಿಮಿಷದಲ್ಲಿ ಹತ್ತು ಲಕ್ಷ ಬಂದರೆ? ಸರ್ವರ್ ಕೈಚೆಲ್ಲಿ ಕೂರುತ್ತದೆ. ಇಲ್ಲಿ ಹಕ್ಕಿ, ಅಳಿಲು, ರಕೂನುಗಳೇ ಸರ್ವರು, ಜೀರುಂಡೆಗಳೇ ರಿಕ್ವೆಸ್ಟು. ವರ್ಷಕ್ಕಿಷ್ಟು ಎಂದು ಬಂದರೆ ಹಕ್ಕಿಗಳು ಎಲ್ಲವನ್ನೂ ತಿಂದು ಮುಗಿಸುತ್ತವೆ. ಎಲ್ಲವೂ ಒಂದೇ ವಾರ ಬಂದರೆ ಹೊಟ್ಟೆ ಬಿರಿಯುವಷ್ಟು ತಿಂದರೂ ಬಹುಪಾಲು ಉಳಿಯುತ್ತವೆ. ಮುಂದಿನ ವರ್ಷ ಹಕ್ಕಿಯ ಮರಿಗಳು ಹೆಚ್ಚಾದರೂ ತಿನ್ನಲು ಜೀರುಂಡೆಯೇ ಇಲ್ಲ! 1966ರಲ್ಲಿ ಮಾಂಟಿ ಲಾಯ್ಡ್ ಮತ್ತು ಹೆನ್ರಿ ಡೈಬಸ್ ಈ ವಾದವನ್ನು ವಿವರವಾಗಿ ಮುಂದಿಟ್ಟರು. ಊರಲ್ಲಿ ಮೊದಲ ಮಳೆಯ ಸಂಜೆ ಎಲ್ಲ ಹುತ್ತಗಳಿಂದಲೂ ಒಟ್ಟಿಗೇ ಎದ್ದು ದೀಪಕ್ಕೆ ಮುತ್ತುತ್ತಿದ್ದ ರೆಕ್ಕೆಹುಳಗಳು ನೆನಪಿವೆಯಾ? ಅವುಗಳ ಉಪಾಯವೂ ಇದೇ.

ಸರಿ, ಆದರೆ ಈ ಶಿಸ್ತು ಬಂದದ್ದು ಹೇಗೆ? ಇದನ್ನು ಬಿಡಿಸಿದವರಲ್ಲಿ ನಮ್ಮ ನೆರೆಯವರೇ ಇದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೂರಾಂಟ್ ಸಂಸ್ಥೆಯ ಗಣಿತಜ್ಞರಾದ ಫ್ರಾಂಕ್ ಹಾಪನ್‌ಸ್ಟೆಡ್ ಮತ್ತು ಜೋಸೆಫ್ ಕೆಲ್ಲರ್ 1976ರಲ್ಲಿ ಇದಕ್ಕೊಂದು ಗಣಿತದ ಮಾದರಿ ಕೊಟ್ಟರು. ನಿಯಮಗಳು ಸರಳ. ಮಣ್ಣಿನೊಳಗೆ ಜಾಗ ಸೀಮಿತ. ಹಕ್ಕಿಗಳು ಒಂದು ವರ್ಷಕ್ಕೆ ತಿನ್ನುವುದಕ್ಕೂ ಒಂದು ಮಿತಿಯಿದೆ. ಹುಳಗಳು ಚೆನ್ನಾಗಿ ಸಿಕ್ಕ ವರ್ಷದ ನಂತರ ಹಕ್ಕಿಗಳು ಸ್ವಲ್ಪ ಹೆಚ್ಚಾಗುತ್ತವೆ.

ಮೊದಲಿಗೆ ಹದಿನೇಳು ಬ್ಯಾಚುಗಳು ಇವೆ, ಪ್ರತಿ ವರ್ಷ ಒಂದು ಬ್ಯಾಚು ಹೊರಬರುತ್ತದೆ ಎಂದುಕೊಳ್ಳಿ. ಯಾವುದೋ ಕಾರಣಕ್ಕೆ ಒಂದು ಬ್ಯಾಚು ಸ್ವಲ್ಪ ದೊಡ್ಡದಾಯಿತು. ಅದರಲ್ಲಿ ಹಕ್ಕಿಗೆ ಸಿಕ್ಕುವ ಪಾಲು ಕಡಿಮೆ, ಹಾಗಾಗಿ ಅದು ಇನ್ನಷ್ಟು ಬೆಳೆಯುತ್ತದೆ. ಸಣ್ಣ ಬ್ಯಾಚುಗಳನ್ನು ಹಕ್ಕಿ ಮುಗಿಸುತ್ತದೆ, ಉಳಿದವಕ್ಕೆ ಮಣ್ಣಿನಲ್ಲಿ ಜಾಗ ಸಿಗುವುದಿಲ್ಲ. ಕೊನೆಗೆ ಉಳಿಯುವುದು ಒಂದೇ ಬ್ಯಾಚು! ಲೆಕ್ಕದ ಪ್ರಕಾರ ಮೂರು, ನಾಲ್ಕು, ಏಳು ವರ್ಷದ ಆಯುಸ್ಸಿನ ಹುಳಗಳಲ್ಲಿ ಎಲ್ಲ ಬ್ಯಾಚುಗಳೂ ಉಳಿದುಕೊಳ್ಳಬಹುದು. ಆಯುಸ್ಸು ಹತ್ತು ವರ್ಷ ದಾಟಿದರೆ ಮಾತ್ರ ಹೀಗೆ ಒಂದಕ್ಕೆ ಇಳಿಯುತ್ತದೆ. ಯಾರೂ ಸೀಟಿ ಊದಲಿಲ್ಲ, ಯಾರೂ ಮೀಟಿಂಗ್ ಕರೆಯಲಿಲ್ಲ. ಹೊತ್ತು ತಪ್ಪಿ ಬಂದವರು ಉಳಿಯಲಿಲ್ಲ, ಅಷ್ಟೇ.

ಮಾದರಿಗಳಿಗೂ ಮಿತಿ ಇದೆ ಅನ್ನಿ. ಮೇಘಾಲಯದ ರಿ-ಭೋಯಿ ಜಿಲ್ಲೆಯಲ್ಲಿ ನಾಲ್ಕೇ ವರ್ಷಕ್ಕೊಮ್ಮೆ ಒಟ್ಟಿಗೇ ಬರುವ ಜೀರುಂಡೆಯೊಂದಿದೆ. 2006, 2010, 2014 ಹೀಗೆ ಫುಟ್‌ಬಾಲ್ ವಿಶ್ವಕಪ್ ನಡೆಯುವ ವರ್ಷಗಳಲ್ಲೇ ಬರುವುದರಿಂದ ಅದಕ್ಕೆ ವಿಶ್ವಕಪ್ ಜೀರುಂಡೆ ಅಂತಲೇ ಹೆಸರು!

13 ಮತ್ತು 17 ಅವಿಭಾಜ್ಯ ಸಂಖ್ಯೆಗಳು ಎಂಬುದು ನಿಮ್ಮ ಮನೆಯ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ. ಎರಡು, ಮೂರು, ನಾಲ್ಕು ವರ್ಷದ ಚಕ್ರವಿರುವ ಶತ್ರುವಿಗೆ ಇವು ಪದೇಪದೇ ಸಿಕ್ಕಿಬೀಳುವುದಿಲ್ಲ, ಬೇರೆ ತಂಡಗಳ ಜೊತೆ ಬೆರೆತು ಲೆಕ್ಕ ಕೆಡುವುದೂ ಅಪರೂಪ ಎಂದು ವಾದಗಳಿವೆ. ಚರ್ಚೆ ಇನ್ನೂ ಮುಗಿದಿಲ್ಲ. ಶಾಲೆಯಲ್ಲಿ ಮಾಡಿದ ಲ.ಸಾ.ಅ. ನೆನಪು ಮಾಡಿಕೊಳ್ಳಿ. 13 ಮತ್ತು 17ರ ಲ.ಸಾ.ಅ. 221. 2024ರಲ್ಲಿ ಹದಿಮೂರನೆಯ ಮತ್ತು ಹತ್ತೊಂಬತ್ತನೆಯ ತಂಡಗಳು ಒಂದೇ ವರ್ಷ ಬಂದವು. ಅದಕ್ಕೆ ಮೊದಲು ಅವೆರಡು ಒಟ್ಟಿಗೆ ಬಂದದ್ದು 1803ರಲ್ಲಿ!

ನಮ್ಮೂರಲ್ಲೂ ಇದೆ ಈ ಲೆಕ್ಕ

ಹನ್ನೆರಡು ವರ್ಷದ ಲೆಕ್ಕ ಕನ್ನಡಿಗರಿಗೆ ಹೊಸದಲ್ಲ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006 ಮತ್ತು 2018ರಲ್ಲಿ ನಡೆಯಿತು. ಅದೇ ಎರಡು ವರ್ಷ ನೀಲಗಿರಿ, ಮುನ್ನಾರಿನ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿತು. ನಮ್ಮ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿ ಜನ ಜಾತ್ರೆಯಂತೆ ಹೋದದ್ದು 2022ರಲ್ಲಿ. ಒಂದೇ ಘಟ್ಟದ ಸಾಲಾದರೂ ಬೆಟ್ಟಕ್ಕೊಂದು ಕ್ಯಾಲೆಂಡರು!

ಇನ್ನು ಬಿದಿರು. ಹಲವು ದಶಕ ಸುಮ್ಮನಿದ್ದು, ಒಂದು ಸೀಮೆಯ ಬಿದಿರೆಲ್ಲಾ ಒಟ್ಟಿಗೇ ಹೂಬಿಟ್ಟು, ಬಿದಿರಕ್ಕಿ ಸುರಿದು, ಒಟ್ಟಿಗೇ ಒಣಗಿ ಸಾಯುತ್ತದೆ. ಬಿದಿರು ಹೂಬಿಟ್ಟರೆ ಬರ ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಮೂಢನಂಬಿಕೆ ಅಂತ ನಾನು ವಾದ ಮಾಡುತ್ತಿದ್ದೆ. ಆದರೆ ಮಿಜೋರಾಂನ ಕಥೆ ಕೇಳಿ. ಅಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬಿದಿರು ಬೀಜ ಬಿಟ್ಟಾಗ ಇಲಿಗಳು ತಿಂದು ಕೊಬ್ಬಿ ಲೆಕ್ಕವಿಲ್ಲದಷ್ಟಾಗುತ್ತವೆ. ಬೀಜ ಮುಗಿದ ಕೂಡಲೇ ಹೊಲ, ಕಣಜಗಳಿಗೆ ನುಗ್ಗುತ್ತವೆ. 1959ರಲ್ಲಿ ಹೀಗೆ ಬಂದ ಕ್ಷಾಮದಲ್ಲಿ ಸರ್ಕಾರ ಸರಿಯಾಗಿ ನೆರವಾಗಲಿಲ್ಲವೆಂಬ ಸಿಟ್ಟು 1966ರ ಬಂಡಾಯದವರೆಗೂ ಹೋಯಿತು. ಅಜ್ಜಿ ಹೇಳಿದ ಕಾರಣ ಏನೇ ಇರಲಿ, ಎಚ್ಚರಿಕೆ ಸರಿಯಾಗಿಯೇ ಇತ್ತು.

ಏರಿಳಿತ ಹುಟ್ಟುವುದು ಹೇಗೆ?

ಜೀರುಂಡೆಯದ್ದು ಗಡಿಯಾರದ ಲೆಕ್ಕ. ಆದರೆ ಗಡಿಯಾರವೇ ಇಲ್ಲದೆಯೂ ಸಂಖ್ಯೆಗಳು ಏರಿಳಿಯುತ್ತವೆ. ಕೋಲಾರದ ಟೊಮ್ಯಾಟೊ ನೋಡಿ. ಬೆಲೆ ಏರಿತು ಎಂದು ಎಲ್ಲರೂ ಒಟ್ಟಿಗೇ ನಾಟಿ ಮಾಡುತ್ತಾರೆ. ಬೆಳೆ ಬರಲು ಎರಡು ಮೂರು ತಿಂಗಳು. ಅಷ್ಟರಲ್ಲಿ ಮಾರುಕಟ್ಟೆ ತುಂಬಿ, ಬೆಲೆ ಬಿದ್ದು, ಹಣ್ಣು ರಸ್ತೆಗೆ ಸುರಿಯುವ ಸ್ಥಿತಿ. ಮುಂದಿನ ಸಲ ಯಾರೂ ಹಾಕುವುದಿಲ್ಲ, ಮತ್ತೆ ಬೆಲೆ ಮೇಲೆ! ಇಲ್ಲಿ ಎರಡು ಸಂಗತಿ ಇವೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇರುವ ತಡ ಏರಿಳಿತವನ್ನು ಹುಟ್ಟಿಸುತ್ತದೆ. ಎಲ್ಲರೂ ಒಂದೇ ಬೆಲೆ ನೋಡುವುದು ಅವರನ್ನೆಲ್ಲ ಒಂದೇ ತಾಳಕ್ಕೆ ಕುಣಿಸುತ್ತದೆ.

ಕಾಡಿನಲ್ಲೂ ಹೀಗೆಯೇ. ಕೆನಡಾದಲ್ಲಿ ಮೊಲ ಹೆಚ್ಚಿದರೆ ಅದನ್ನು ತಿನ್ನುವ ಲಿಂಕ್ಸ್ ಎಂಬ ಕಾಡುಬೆಕ್ಕು ತಡವಾಗಿ ಹೆಚ್ಚುತ್ತದೆ, ಮೊಲ ಕುಸಿದ ಮೇಲೆ ಅದೂ ಕುಸಿಯುತ್ತದೆ. ಸುಮಾರು ಹತ್ತು ವರ್ಷಕ್ಕೊಂದು ಸುತ್ತು. ಇಂಥ ಬೇಟೆ-ಬೇಟೆಗಾರರ ಲೆಕ್ಕಕ್ಕೆ ಸಮೀಕರಣ ಬರೆದವರು ಆಲ್ಫ್ರೆಡ್ ಲೋಟ್ಕ ಮತ್ತು ವಿಟೊ ವೋಲ್ಟೆರಾ, 1920ರ ದಶಕದಲ್ಲಿ. ಸಾವಿರಾರು ಮೈಲಿ ದೂರದ ಲಿಂಕ್ಸ್‌ಗಳೂ ಹೆಚ್ಚೂಕಡಿಮೆ ಒಟ್ಟಿಗೇ ಏರಿಳಿಯುವುದಕ್ಕೆ ಆಸ್ಟ್ರೇಲಿಯಾದ ಸಂಖ್ಯಾಶಾಸ್ತ್ರಜ್ಞ ಪ್ಯಾಟ್ರಿಕ್ ಮೊರಾನ್ 1953ರಲ್ಲಿ ಒಂದು ಕಾರಣ ಕೊಟ್ಟ. ಪರಸ್ಪರ ಸಂಪರ್ಕ ಇಲ್ಲದಿದ್ದರೂ, ಎಲ್ಲರ ಮೇಲೂ ಒಂದೇ ಹವಾಮಾನದ ಪೆಟ್ಟು ಬಿದ್ದರೆ ತಾಳ ಕೂಡುತ್ತದೆ. ಟೊಮ್ಯಾಟೊ ರೈತರಿಗೆ ಬೆಲೆ ಹೇಗೋ, ಪ್ರಾಣಿಗಳಿಗೆ ಹವೆ ಹಾಗೆ.

ಓಕ್ ಕಾಯಿಯಿಂದ ಉಣುಗಿನವರೆಗೆ

ಈಗ ನಮ್ಮ ಹಿತ್ತಲಿಗೆ ಬರೋಣ. ಓಕ್ ಮರಗಳೂ ಪ್ರತಿ ವರ್ಷ ಒಂದೇ ಸಮ ಕಾಯಿ ಬಿಡುವುದಿಲ್ಲ. ಕೆಲವು ವರ್ಷ ಏನೂ ಇಲ್ಲ, ಒಂದು ವರ್ಷ ಊರಿನ ಮರಗಳೆಲ್ಲಾ ಒಟ್ಟಿಗೇ ರಾಶಿ ರಾಶಿ. 2023ರ ಶರತ್ಕಾಲದಲ್ಲಿ ನಮ್ಮ ಬಡಾವಣೆಯ ಹಿಂದಿನ ಕಾಲುದಾರಿಯಲ್ಲಿ ಕಾಲಿಟ್ಟರೆ ಗೋಲಿ ಮೇಲೆ ನಡೆದಂತೆ ಜಾರುತ್ತಿತ್ತು. ಮಗಳು ಎರಡು ಬಕೆಟ್ ತುಂಬಿಸಿದ್ದಳು.

ಮುಂದಿನದನ್ನು ನ್ಯೂಯಾರ್ಕ್ ರಾಜ್ಯದ ಮಿಲ್‌ಬ್ರೂಕ್‌ನಲ್ಲಿ, ಈಗ ಕ್ಯಾರಿ ಸಂಸ್ಥೆ ಎನ್ನುವ ಕಡೆ, ರಿಚರ್ಡ್ ಆಸ್ಟ್‌ಫೆಲ್ಡ್, ಕ್ಲೈವ್ ಜೋನ್ಸ್ ಮತ್ತಿತರರು 1990ರ ದಶಕದಿಂದ ಬಿಡಿಸಿ ತೋರಿಸಿದ್ದಾರೆ. ಕಾಯಿ ಹೆಚ್ಚಾದ ವರ್ಷ ಬಿಳಿಗಾಲಿನ ಇಲಿಗಳು ಚಳಿಗಾಲ ದಾಟಿ ಮುಂದಿನ ಬೇಸಗೆಗೆ ವಿಪರೀತವಾಗುತ್ತವೆ. ಕಾಯಿಯ ಆಸೆಗೆ ಬಂದ ಜಿಂಕೆಗಳು ಮೈಮೇಲಿದ್ದ ಉಣುಗುಗಳನ್ನು ಅಲ್ಲೇ ಉದುರಿಸಿ ಹೋಗಿರುತ್ತವೆ. ಅವುಗಳ ಮರಿಗಳು ಹುಟ್ಟುವಾಗ ಲೈಮ್ ರೋಗದ ಬ್ಯಾಕ್ಟೀರಿಯಾ ಹೊತ್ತಿರುವುದಿಲ್ಲ. ಇಲಿಯ ರಕ್ತ ಕುಡಿದಾಗ ಅದು ಅಂಟುತ್ತದೆ. ಅದೇ ಮರಿಗಳು ಅದರ ಮುಂದಿನ ಬೇಸಗೆಯಲ್ಲಿ ಗಸಗಸೆ ಕಾಳಿನಷ್ಟಾಗಿ, ಹುಲ್ಲಿನ ತುದಿಯಲ್ಲಿ ಕಾಯುತ್ತವೆ. ಅಂದರೆ ಕಾಯಿ ಬಿದ್ದ ಶರತ್ಕಾಲದಿಂದ ಸುಮಾರು ಎರಡು ವರ್ಷದ ಹೊತ್ತಿಗೆ ಅಪಾಯ ಹೆಚ್ಚಬಹುದು. ಮಿಜೋರಾಂನ ಬಿದಿರು ಮತ್ತು ಇಲಿಯ ಕಥೆಯೇ, ಕೊನೆಯಲ್ಲಿ ಕ್ಷಾಮದ ಬದಲು ರೋಗ.

2025ರ ಬೇಸಗೆಗೆ ಅಪ್ಪ ಅಮ್ಮ ಕೊನೆಗೂ ಬಂದರು. ಜೂನ್‌ನ ಒಂದು ಸಂಜೆ ಅಪ್ಪ ಮೊಮ್ಮಗಳನ್ನು ಕರೆದುಕೊಂಡು ಅದೇ ಕಾಲುದಾರಿಯಲ್ಲಿ ಸುತ್ತಿ ಬಂದರು. ಬಂದವರೇ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, "ಕಾಲು ತೋರಿಸು ಪುಟ್ಟಿ" ಎಂದು ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಕಂಕುಳು ಎಲ್ಲ ನೋಡತೊಡಗಿದರು. ನಮ್ಮ ಸೊರಬದವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ತಾಲ್ಲೂಕಿನದೇ. ಅದನ್ನು ಹರಡುವುದೂ ಉಣುಗೇ. ಅಲ್ಲಿ ವೈರಸ್, ಇಲ್ಲಿ ಬ್ಯಾಕ್ಟೀರಿಯಾ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಡೆಪಾ ತೈಲ, ಬಂದ ಮೇಲೆ ಮೈ ತಡಕುವುದು ಅಪ್ಪನ ಅಭ್ಯಾಸ.

"ಇಲ್ಲಿದೆ ನೋಡು" ಎಂದರು. ಮೊಣಕಾಲಿನ ಹಿಂದೆ, ನಾನಾಗಿದ್ದರೆ ಮಚ್ಚೆ ಎಂದುಕೊಳ್ಳುತ್ತಿದ್ದ ಒಂದು ಚುಕ್ಕೆ. ಕಚ್ಚಿ ಹೆಚ್ಚು ಹೊತ್ತಾಗಿರಲಿಲ್ಲ. ಚಿಮಟದಲ್ಲಿ ತೆಗೆದೆವು, ಡಾಕ್ಟರಿಗೆ ಫೋನ್ ಮಾಡಿದೆವು, ಒಂದು ತಿಂಗಳು ಕಣ್ಣಿಟ್ಟೆವು. ದೇವರ ದಯೆ, ಏನೂ ಆಗಲಿಲ್ಲ. ಒಂದು ಉಣುಗು ಸಿಕ್ಕಿದ್ದರಿಂದ ಯಾವ ಸಿದ್ಧಾಂತವೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಎರಡು ಬಕೆಟ್ ಓಕ್ ಕಾಯಿ ಕಂಡ ದಿನವೇ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಿತ್ತು. ಓದಿದ್ದು ನಾನು, ನೋಡಿದ್ದು ಅಪ್ಪ!

ನೀವು ಮಾಡಬೇಕಾದ್ದಿಷ್ಟು

ಹುಲ್ಲು, ಪೊದೆಗಳ ಕಡೆ ಹೋಗುವಾಗ ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಬಂದ ಮೇಲೆ ಬಟ್ಟೆಯನ್ನು ಡ್ರೈಯರಿನ ಹೆಚ್ಚು ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿ. ಸ್ನಾನ ಮಾಡಿ, ಮಕ್ಕಳ ಮೈ ಪೂರ್ತಿ ನೋಡಿ, ತಲೆಗೂದಲು ಮರೆಯಬೇಡಿ. ಉಣುಗು ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ. ಲೈಮ್ ಸೋಂಕು ದಾಟಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಬೇಕು, ಅದಕ್ಕೇ ದಿನಾ ನೋಡುವುದು ಮುಖ್ಯ. ತೆಗೆದ ಉಣುಗನ್ನು ಟೇಪಿನಲ್ಲಿ ಅಂಟಿಸಿಟ್ಟು ಡಾಕ್ಟರಿಗೆ ಬೇಗ ಫೋನ್ ಮಾಡಿ. ಮುಂಜಾಗ್ರತೆಯ ಔಷಧ ಕೊಡುವುದಾದರೆ ಅದು ಮೂರು ದಿನದೊಳಗೆ. ಮುಂದಿನ ವಾರಗಳಲ್ಲಿ ಜ್ವರ ಅಥವಾ ಹರಡುವ ಕೆಂಪು ಕಲೆ ಕಂಡರೆ ತಡಮಾಡಬೇಡಿ.

ಮುಂದಿನ ಭೇಟಿ

ಒಂದು ಪ್ರಶ್ನೆ ಉಳಿಯಿತು. ಪ್ರಿನ್ಸ್‌ಟನ್ನಿನಲ್ಲಿ ಕಿವಿ ಕಿತ್ತುಹೋಗುವಷ್ಟು ಸದ್ದಿದ್ದರೂ ನಮ್ಮ ಬಡಾವಣೆಯಲ್ಲಿ ಒಂದೂ ಜೀರುಂಡೆ ಕಾಣಲಿಲ್ಲ, ಏಕೆ? ಉತ್ತರ ಸುಲಭ. ಇಲ್ಲಿ ಮೊದಲು ಇದ್ದದ್ದು ಹೊಲ, ಆಮೇಲೆ ಬಂದದ್ದು ಬುಲ್ಡೋಜರು. ಹದಿನೇಳು ವರ್ಷ ರಸ ಕೊಡುವ ಬೇರು ಇಲ್ಲದ ಕಡೆ ಅವು ಉಳಿಯುವುದಿಲ್ಲ, ದೂರ ಹಾರಿ ಹೋಗುವ ಜಾತಿಯೂ ಅಲ್ಲ. ಕನೆಕ್ಟಿಕಟ್ಟಿನ ಹನ್ನೊಂದನೆಯ ತಂಡ 1954ರಲ್ಲಿ ಕಂಡದ್ದೇ ಕೊನೆ, ಆಮೇಲೆ ಬರಲೇ ಇಲ್ಲ. ಒಟ್ಟಿಗೇ ಬರುವುದರಲ್ಲಿ ಬಲ ಇರುವಂತೆ ಅಪಾಯವೂ ಇದೆ. ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಹಕ್ಕಿಗಳೇ ಮುಗಿಸಿಬಿಡುತ್ತವೆ.

ನ್ಯೂ ಜೆರ್ಸಿಯ ಉತ್ತರ ಭಾಗ ಮತ್ತು ಸ್ಟೇಟನ್ ಐಲೆಂಡ್ ಕಡೆಯ ಎರಡನೆಯ ತಂಡ 1996, 2013ರಲ್ಲಿ ಬಂದಿತ್ತು, ಇನ್ನು 2030ಕ್ಕೆ. ಮುನ್ನಾರಿನ ಕುರಿಂಜಿಯ ಸರದಿಯೂ ಅದೇ ವರ್ಷ. 12 ಮತ್ತು 17ರ ಲ.ಸಾ.ಅ. 204, ಆದ್ದರಿಂದ ಈ ಜೊತೆಯನ್ನು ಇನ್ನೊಮ್ಮೆ ನೋಡುತ್ತೇವೆಂಬ ಆಸೆ ಬೇಡ! ಪ್ರಿನ್ಸ್‌ಟನ್ನಿನ ನೆಂಟರು ಬರುವುದು 2038ರಲ್ಲಿ. ಆಗ ಮಗಳಿಗೆ 21, ಅಪ್ಪನಿಗೆ 85. "ಆಗಲೂ ಕರೆಸಿಕೋ, ಕೇಳೋಣ" ಎಂದಿದ್ದಾರೆ ಅಪ್ಪ. ಹೋದ ವರ್ಷ ಅವರು ಹೊರಡುವ ಮುನ್ನ ಮಗಳ ಬಕೆಟ್ಟಿನ ಓಕ್ ಕಾಯಿಯಿಂದ ಕುಂಡದಲ್ಲಿ ಎದ್ದಿದ್ದ ಒಂದು ಸಸಿಯನ್ನು, ಬಡಾವಣೆಯ ಸಂಘದ ಒಪ್ಪಿಗೆ ಪಡೆದು, ಕಾಲುದಾರಿಯ ಪಕ್ಕ ನೆಟ್ಟೆವು. ಜೀರುಂಡೆಗೆ ಅದು ಸಾಲದು, ಗೊತ್ತು. ಆದರೂ ಈಗ ಅಲ್ಲೊಂದು ಬೇರಿದೆ.

ನಿಮ್ಮಲ್ಲಿ ಯಾರಾದರೂ 1987 ಅಥವಾ 2004ರ ಜೀರುಂಡೆಗಳನ್ನು ಕಂಡಿದ್ದರೆ, ಮುಂದಿನ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ತಪ್ಪದೆ ಹೇಳಿ. ಬೇಸಗೆಯಲ್ಲಿ ಮಕ್ಕಳ ಮೊಣಕಾಲಿನ ಹಿಂದೆ ನೋಡುವುದನ್ನೂ ಮರೆಯಬೇಡಿ.